ಪ್ರಮಾದ, ಪ್ರಮೋದ ಮತ್ತು ಒಂದು ಕಾಟುಮಾವಿನ ಮರ

‘ಪ್ರಮಾದ’ ಮತ್ತು ‘ಪ್ರಮೋದ’ ಎಂಬ ಎರಡು ಶಬ್ದಗಳು ಕಿವಿಗೆ ಅಕ್ಕಪಕ್ಕದ ಮನೆಯವರಂತೆ ಕೇಳಿಸುತ್ತವೆ. ನಡುವಿನ ಅಕ್ಷರದ ಸ್ವರವೊಂದು ಬದಲಾದರೆ ಸಾಕು, ಒಂದು ಇನ್ನೊಂದಾಗುತ್ತದೆ. ಅರ್ಥದಲ್ಲಾದರೋ ಅವು ಬಹುದೂರದವು. ಪ್ರಮಾದವೆಂದರೆ ಎಚ್ಚರಗೇಡಿತನ, ಪ್ರಮೋದವೆಂದರೆ ಇನ್ನೊಂದು ಜೀವದ ಗುಣವನ್ನು ಕಂಡು ನಮ್ಮ ಮನಸ್ಸು ಅರಳುವುದು. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇವೆರಡೂ ಬಹಳ ಹತ್ತಿರ ಹತ್ತಿರವೇ ಬರುತ್ತವೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳನ್ನು ಹೇಳಿದ ಸೂತ್ರದ ಬೆನ್ನಿಗೇ, ಒಂದು ಸೂತ್ರವನ್ನು ದಾಟಿದರೆ, ಹಿಂಸೆಯ ಲಕ್ಷಣವನ್ನು ಹೇಳುವ ಸೂತ್ರವಿದೆ. ಪ್ರಾಣಹರಣ ಮಾತ್ರವೇ ಹಿಂಸೆಯಲ್ಲ, ಪ್ರಮತ್ತನಾದವನ ಯೋಗದಿಂದ ಆಗುವ ಪ್ರಾಣಹರಣ ಹಿಂಸೆ ಎಂದು ಅದರ ತಾತ್ಪರ್ಯ. ಸ್ವಾಧ್ಯಾಯದಲ್ಲಿ ಈ ಅಧ್ಯಾಯವನ್ನು ನಾನು ಎಷ್ಟು ಸಲ ಓದಿದ್ದೇನೆಂದು ಲೆಕ್ಕವಿಟ್ಟಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿದವನು ನಾನು. ಆದರೂ ಈ ಎರಡು ಶಬ್ದಗಳು ಇಷ್ಟು ಸಮೀಪದಲ್ಲಿವೆಯೆಂಬುದು 2020ರ ವಸಂತದವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ನಮ್ಮ ಊರು ಕೊಲ್ಲಮೊಗ್ರು. ಸುಬ್ರಹ್ಮಣ್ಯಕ್ಕೆ ಬರುವ ಯಾತ್ರಿಕರು 1712 ಮೀಟರ್ ಎತ್ತರದ ಕುಮಾರಪರ್ವತದ ಹೆಸರನ್ನು ಕೇಳಿರುತ್ತಾರೆ. ಆ ಪುಷ್ಪಗಿರಿ ಸಾಲಿನ ತಪ್ಪಲಲ್ಲಿ, ಹರಿಹರ ಪಳ್ಳತ್ತಡ್ಕ ಮತ್ತು ಕಲ್ಮಕಾರುಗಳ ನೆರೆಯಲ್ಲಿ, ಸುಳ್ಯ ತಾಲ್ಲೂಕಿನ ಅಂಚಿನಲ್ಲಿ ಈ ಗ್ರಾಮವಿದೆ. ಕೆಳಗೆ ಹೊಳೆ, ಹೊಳೆಯ ಬದಿಗೆ ಅಡಿಕೆ ತೋಟ, ತೋಟದ ಮೇಲೆ ಮನೆ, ಮನೆಯ ಮೇಲೆ ಗುಡ್ಡ, ಗುಡ್ಡದ ಮೇಲೆ ಕಾಡು; ಇಲ್ಲಿನ ಬಹುತೇಕ ಮನೆಗಳ ವಿನ್ಯಾಸ ಇಷ್ಟೇ. ನಮ್ಮ ಹತ್ತಿರದಲ್ಲಿ ಜೈನರ ಮನೆಗಳಿಲ್ಲ. ಬಸದಿಗೆ ಹೋಗುವುದೆಂದರೆ ನಮಗೆ ಒಂದು ದಿನದ ಪ್ರಯಾಣ. ಸುಬ್ರಹ್ಮಣ್ಯವನ್ನು ದಾಟಿ ಧರ್ಮಸ್ಥಳದ ಚಂದ್ರನಾಥ ಸ್ವಾಮಿ ಬಸದಿಗೋ ಅಲ್ಲಿಂದಾಚೆಗೋ ಹೋಗಬೇಕು. ಹೀಗಾಗಿ ದೇವರ ಕೋಣೆಯಲ್ಲಿರುವ ಅಂಗೈಯಗಲದ ಪಾರ್ಶ್ವನಾಥ ಸ್ವಾಮಿಯ ಬಿಂಬವೇ ನಮ್ಮ ನಿತ್ಯದ ಬಸದಿ.

2020ರ ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಅಂದೇ ನಮ್ಮ ಜಿಲ್ಲೆಯೂ ಸೇರಿದಂತೆ ರಾಜ್ಯದ ಒಂಬತ್ತು ಜಿಲ್ಲೆಗಳಲ್ಲಿ ಓಡಾಟಕ್ಕೆ ನಿರ್ಬಂಧದ ಆದೇಶ ಬಂದಿತು. ಮೂರು ದಿನಗಳಲ್ಲಿ, ಚಾಂದ್ರಮಾನ ಯುಗಾದಿಯ ದಿನವೇ, ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಬಸ್ಸು ನಿಂತಿತು. ಅಡಿಕೆ ಕೊಳ್ಳುವ ಅಂಗಡಿಗಳು ಮುಚ್ಚಿದವು. ತೋಟದ ಕೆಲಸಕ್ಕೆ ಬರುವವರು ಬರಲಿಲ್ಲ. ರಸ್ತೆಯ ಕಡೆಯಿಂದ ಬರುತ್ತಿದ್ದ ಜೀಪುಗಳ ಸದ್ದು, ಗುಡ್ಡದಾಚೆಯ ಗರಗಸದ ಸದ್ದು, ಹುಲ್ಲು ಕೊಚ್ಚುವ ಯಂತ್ರದ ಸದ್ದು, ಎಲ್ಲವೂ ಒಂದೇ ರಾತ್ರಿಯಲ್ಲಿ ಅಡಗಿದವು.

ಆ ಮೌನದಲ್ಲಿ ಮೊದಲು ಕೇಳಿಸಿದವನು ಮಡಿವಾಳ ಹಕ್ಕಿ. ಬೆಳಗಿನ ಐದು ಗಂಟೆಗೆ, ಇನ್ನೂ ಕತ್ತಲಿರುವಾಗ, ನಮ್ಮ ಹಟ್ಟಿಯ ಮಾಡಿನ ತುದಿಯಲ್ಲಿ ಕುಳಿತು ಅವನು ಹಾಡತೊಡಗುತ್ತಿದ್ದ. ಕಪ್ಪು ಬಿಳುಪಿನ ಈ ಸಣ್ಣ ಹಕ್ಕಿ ಮೊದಲೂ ಇದ್ದಿತೆ? ಇದ್ದೇ ಇರಬೇಕು. ಆದರೆ ಆ ಹೊತ್ತಿಗೆ ನಾನು ಪಂಪಿನ ಗುಂಡಿ ಒತ್ತಲು ಓಡುತ್ತಿದ್ದೆ, ಅಥವಾ ವಿದ್ಯುತ್ತು ಬಂದಿದೆಯೇ ಎಂದು ನೋಡುತ್ತಿದ್ದೆ. ಅವನ ಹಾಡು ಒಂದೇ ಬಗೆಯದಲ್ಲ. ಒಂದು ಸಾಲನ್ನು ನಾಲ್ಕೈದು ಸಲ ಹೇಳಿ, ಬೇಸರ ಬಂದವನಂತೆ ಬಿಟ್ಟು, ಬೇರೆಯದನ್ನು ಹಿಡಿಯುತ್ತಾನೆ. ಸಾಮಾಯಿಕಕ್ಕೆ ಕುಳಿತವನಿಗೆ ಅದನ್ನು ಕೇಳಿಸಿಕೊಳ್ಳಬಾರದೆಂದರೂ ಕೇಳಿಸುತ್ತಿತ್ತು. ಎರಡು ಮೂರು ದಿನ ಅದನ್ನು ವಿಘ್ನವೆಂದು ಭಾವಿಸಿದೆ. ನಾಲ್ಕನೆಯ ದಿನ ಸಾಮಾಯಿಕದ ಹೊತ್ತನ್ನೇ ಅರ್ಧ ಗಂಟೆ ಮುಂದೂಡಿ, ಮೊದಲು ಅವನನ್ನು ಕೇಳಿ ಮುಗಿಸಿ ಬಳಿಕ ಕುಳಿತೆ. ಇದು ಶಾಸ್ತ್ರಸಮ್ಮತವೋ ಅಲ್ಲವೋ ತಿಳಿದವರು ಹೇಳಬೇಕು.

ಜಗಲಿಯ ಮೂಲೆಯಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದ ತಂತಿಗೆ ಒಂದು ಸೂರಕ್ಕಿ ಗೂಡು ನೇಯಲು ತೊಡಗಿತು. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಪ್ರಾಣಿ. ಜೇಡರ ಬಲೆ, ಒಣಗಿದ ತೊಗಟೆಯ ಚೂರು, ನಾರು, ಕಸ. ಇವನ್ನೆಲ್ಲ ತಂದು ಅಂಟಿಸಿ, ನೋಡಿದವರಿಗೆ ಕಸದ ಗೊಂಚಲು ನೇತಾಡುತ್ತಿದೆಯೆಂದು ತೋರುವಂಥ ಚೀಲವನ್ನು ಕಟ್ಟಿತು. ಬದಿಯಲ್ಲಿ ಬಾಗಿಲು, ಬಾಗಿಲಿನ ಮೇಲೆ ಸಣ್ಣದೊಂದು ಮಾಡು ಕೂಡ! ನೇಯುವುದು ಹೆಣ್ಣೇ, ನೇರಳೆ ಬಣ್ಣದ ಗಂಡು ಬಳಿಯಲ್ಲಿ ಕುಳಿತು ಮೇಲ್ವಿಚಾರಣೆ ಮಾಡುತ್ತಿದ್ದ. ಇದನ್ನು ಕಂಡ ನನ್ನ ಶ್ರೀಮತಿ ನನ್ನ ಕಡೆಗೊಮ್ಮೆ ನೋಡಿದಳು, ಮಾತಾಡಲಿಲ್ಲ. ಅಂದಿನಿಂದ ಬಟ್ಟೆಗಳೆಲ್ಲ ಒಳಗಿನ ಕೋಣೆಯಲ್ಲಿ ಒಣಗಿದವು.

ಅವಳು ಬಾವಿಯ ಬಳಿ ಹಕ್ಕಿಗಳಿಗೆಂದು ಮಣ್ಣಿನ ಅಗಲ ಪಾತ್ರೆಯಲ್ಲಿ ನೀರಿಡತೊಡಗಿದಳು. ನಮ್ಮ ಮನೆಯಲ್ಲಿ ನೀರನ್ನು ಗಾಳಿಸದೆ ಬಳಸುವುದಿಲ್ಲವಷ್ಟೆ. ಹಕ್ಕಿಗಳಿಗೂ ಗಾಳಿಸಿದ ನೀರನ್ನೇ ಇಟ್ಟಳು. ಕೆಮ್ಮೀಸೆಯ ಪಿಕಳಾರಗಳು ಬಂದು ಅದರಲ್ಲಿ ಕುಡಿಯುವುದಕ್ಕಿಂತ ಹೆಚ್ಚಾಗಿ ಮಿಂದು, ರೆಕ್ಕೆ ಬಡಿದು, ಕೆಸರೆಬ್ಬಿಸಿ ಹೋಗುತ್ತಿದ್ದವು. ಮತ್ತೆ ಗಾಳಿಸುವುದು, ಮತ್ತೆ ತುಂಬುವುದು. ಏಪ್ರಿಲ್ 6ರ ಮಹಾವೀರ ಜಯಂತಿಯಂದು ಬಸದಿಗಳಲ್ಲಿ ಭಕ್ತರ ಪ್ರವೇಶವಿರಲಿಲ್ಲ. ಇಂದ್ರರೊಬ್ಬರೇ ಅಭಿಷೇಕ ಪೂಜೆಗಳನ್ನು ನಡೆಸಿದರೆಂದು ದೂರದ ನೆಂಟರು ತಿಳಿಸಿದರು. ನಾವಿಬ್ಬರೇ ಮನೆಯಲ್ಲಿ ಅಭಿಷೇಕ ಮಾಡಿ, ಅಡಿಕೆಯ ಹಿಂಗಾರವನ್ನಿಟ್ಟು ಪೂಜೆ ಮುಗಿಸಿದೆವು. ಅಷ್ಟು ನಿಶ್ಶಬ್ದವಾದ ಜಯಂತಿಯನ್ನು ನಾನು ಕಂಡಿರಲಿಲ್ಲ. ಹಾಗೆಂದು ಅದು ಬಡವಾದ ಜಯಂತಿಯೆಂದೂ ಅನ್ನಿಸಲಿಲ್ಲ. ಕುಟುರ ಹಕ್ಕಿಗಳು ಬೆಳಗಿನಿಂದ ಸಂಜೆಯವರೆಗೆ ಗಂಟಲು ಬಿಡದೆ ಕೂಗುತ್ತಲೇ ಇದ್ದವು.

ಇಷ್ಟು ಹೇಳಿದ ಮೇಲೆ ನವರಂಗದ ಮಾತನ್ನು ಬಿಡಲಾರೆ. ಹಸುರು, ನೀಲಿ, ಕೆಂಪು, ಕಂದು ಬಣ್ಣಗಳನ್ನೆಲ್ಲ ಒಂದು ಗಿಡ್ಡ ದೇಹದಲ್ಲಿ ಹೊತ್ತ ಈ ಹಕ್ಕಿ ಚಳಿಗಾಲವನ್ನು ನಮ್ಮಲ್ಲಿ ಕಳೆದು, ಬೇಸಗೆ ಬಲಿತಾಗ ಮಧ್ಯ ಭಾರತಕ್ಕೂ ಹಿಮಾಲಯದ ತಪ್ಪಲಿಗೂ ಮರಿ ಮಾಡಲು ಹೊರಟುಹೋಗುತ್ತದೆ. ಕೊಕ್ಕೊ ಗಿಡಗಳ ಕೆಳಗೆ ಒಣಗಿದ ಎಲೆಗಳನ್ನು ಕೆದಕುತ್ತಿದ್ದ ಒಂದನ್ನು ಏಪ್ರಿಲ್ ನಡುವಿನವರೆಗೆ ನೋಡಿದೆ. ಮುಸ್ಸಂಜೆಯಲ್ಲಿ ಎರಡು ಸ್ವರದ ಸಿಳ್ಳು. ಒಂದು ಸಂಜೆ ಆ ಸಿಳ್ಳು ಕೇಳಿಸಲಿಲ್ಲ, ಮರುದಿನವೂ ಇಲ್ಲ. ಹೊರಟಿತೆಂದು ತಿಳಿದೆ. ಆಗ ಸುಳ್ಯದಿಂದ ಕಾಸರಗೋಡಿಗೆ ಹೋಗುವ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಜಿಲ್ಲೆಯಿಂದ ಜಿಲ್ಲೆಗೆ ಹೋಗಲು ಕಾಗದ ಬೇಕಿತ್ತು. ಒಂದು ಹಿಡಿಯ ಗಾತ್ರದ ಹಕ್ಕಿ ಮಾತ್ರ ರಾತ್ರಿಯ ಹೊತ್ತು ರಾಜ್ಯಗಳನ್ನು ದಾಟಿ ಹಾರುತ್ತಿತ್ತು.

ಇನ್ನು ನಾನು ಬರೆಯಲು ಕುಳಿತ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದುವರೆಗೆ ಅದನ್ನು ಮುಂದೂಡುತ್ತ ಬಂದೆನೆಂಬುದು ನನಗೂ ತಿಳಿದಿದೆ.

ನಮ್ಮ ತೋಟದ ಮೇಲಂಚಿನಲ್ಲಿ, ಗುಡ್ಡ ಆರಂಭವಾಗುವಲ್ಲಿ, ಅಜ್ಜನ ಕಾಲದ ಒಂದು ಕಾಟುಮಾವಿನ ಮರವಿದೆ. ವರ್ಷಗಳಿಂದ ಅದರ ಒಳಗೆ ಟೊಳ್ಳು ಬೆಳೆದಿತ್ತು. ಒಂದು ದೊಡ್ಡ ಕೊಂಬೆ ತೋಟದ ಮೇಲೆ ಚಾಚಿದ್ದು, ಅದರ ನೆರಳಿಗೆ ಹತ್ತಿಪ್ಪತ್ತು ಅಡಿಕೆ ಮರಗಳು ಸೊರಗಿದ್ದವು. ಮಳೆಗಾಲದಲ್ಲಿ ಅದು ಮುರಿದರೆ ಪಂಪಿನ ಕೊಟ್ಟಿಗೆಯೇ ಹೋಗುತ್ತದೆಂಬ ಭಯವೂ ಇತ್ತು. 2020ರ ಮಾರ್ಚ್ ಮೊದಲ ವಾರದಲ್ಲಿ ಮರವನ್ನು ಒಬ್ಬ ವ್ಯಾಪಾರಿಗೆ ಮಾತಾಡಿ, ಐದು ಸಾವಿರ ರೂಪಾಯಿ ಮುಂಗಡ ಪಡೆದೆ. ಕಡಿಯಲು ನಿಶ್ಚಯಿಸಿದ ದಿನ ಮಾರ್ಚ್ 23, ಸೋಮವಾರ. ವ್ಯಾಪಾರ ಮಾತಾಡುವಾಗ ಇಬ್ಬರೂ ಮರದ ಸುತ್ತ ಒಂದು ಸುತ್ತು ಬಂದಿದ್ದೆವು. ಸುತ್ತಳತೆ ನೋಡಿದೆವು, ಟೊಳ್ಳನ್ನು ತಟ್ಟಿ ನೋಡಿದೆವು, ಬೀಳಿಸುವ ದಿಕ್ಕನ್ನು ನೋಡಿದೆವು. ತಲೆಯೆತ್ತಿ ಮೇಲೆ ನೋಡಲಿಲ್ಲ.

ಹಿಂದಿನ ದಿನ ಕರ್ಫ್ಯೂ ಬಂದುದರಿಂದ ಕಡಿಯುವವರು ಬರಲಿಲ್ಲ. ನಾನೂ ಆ ವಿಷಯವನ್ನು ಮರೆತೆ.

ನಮ್ಮ ಕಡೆ ದೂರವಾಣಿಯ ಸಂಪರ್ಕ ಹೇಗಿದೆಯೆಂದು ಈ ಭಾಗವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಮನೆಯೊಳಗೆ ಮೊಬೈಲು ಕೇವಲ ಗಡಿಯಾರ. ಬೆಂಗಳೂರಿನಲ್ಲಿರುವ ಮಗಳೊಡನೆ ಮಾತಾಡಬೇಕಾದರೆ ಗುಡ್ಡ ಹತ್ತಬೇಕು. ಕಾಟುಮಾವಿನ ಬುಡದಿಂದ ಇಪ್ಪತ್ತು ಹೆಜ್ಜೆ ಆಚೆ ಒಂದು ಬಂಡೆಯ ಮೇಲೆ ಕುಳಿತರೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಲಾಕ್‌ಡೌನ್ ದಿನಗಳಲ್ಲಿ ಅವಳ ವಿಷಯದಲ್ಲಿ ಆತಂಕವಿದ್ದುದರಿಂದ ದಿನವೂ ಹತ್ತುತ್ತಿದ್ದೆ. ಏಪ್ರಿಲ್ ಎರಡನೆಯ ವಾರದ ಒಂದು ಬೆಳಿಗ್ಗೆ ಮಾತಾಡುತ್ತಿರುವಾಗ, ಬೂದು ಬಣ್ಣದ ದೊಡ್ಡ ಹಕ್ಕಿಯೊಂದು ಬಂದು ಮರದ ಕಾಂಡಕ್ಕೆ ಆತುಕೊಂಡಿತು. ಉದ್ದನೆಯ ಬಾಗಿದ ಕೊಕ್ಕು. ಗಂಟಲಿನಿಂದ ಒಂದೊಂದೇ ಹಣ್ಣನ್ನು ಹೊರತೆಗೆದು ಕಾಂಡದೊಳಕ್ಕೆ ತುರುಕಿದಂತೆ ಕಂಡಿತು. ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಿತು. ಮಗಳು ಆ ಕಡೆಯಿಂದ ‘ಅಪ್ಪಾ, ಕೇಳ್ತಾ ಉಂಟಾ?’ ಎಂದು ಎರಡು ಮೂರು ಸಲ ಕೇಳಿದಳು.

ಅದು ಮಂಗಟ್ಟೆ. ಮಂಗಟ್ಟೆಗಳಲ್ಲಿಯೂ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲದ ಬೂದು ಮಂಗಟ್ಟೆ. ಯಾರೋ ಒಡಕು ದನಿಯಲ್ಲಿ ನಗುತ್ತಿರುವಂಥ ಅದರ ಕೂಗನ್ನು ಕಾಡಿನ ಕಡೆಯಿಂದ ಬಾಲ್ಯದಿಂದಲೂ ಕೇಳಿದ್ದೆ. ಈ ಹಕ್ಕಿಯ ಸಂಸಾರದ ಕ್ರಮ ವಿಚಿತ್ರವಾದುದು. ಬೇಸಗೆಯ ಆರಂಭದಲ್ಲಿ ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆ ಮತ್ತು ಹಣ್ಣಿನ ಶೇಷಗಳಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಬರುವಷ್ಟು ಸಣ್ಣ ಸೀಳನ್ನು ಮಾತ್ರ ಬಿಡುತ್ತದೆ. ಒಳಗೆ ಮೊಟ್ಟೆಯಿಟ್ಟು ಕಾವು ಕೊಡುತ್ತ, ಹಾರುವ ಗರಿಗಳನ್ನು ಕಳಚಿಕೊಂಡು ಹೊಸ ಗರಿ ಬರುವವರೆಗೆ ಕುಳಿತಿರುತ್ತದೆ. ಸುಮಾರು ಮೂರು ತಿಂಗಳು ಅದಕ್ಕೂ ಮರಿಗಳಿಗೂ ಗಂಡು ತಂದುಕೊಟ್ಟದ್ದೇ ಆಹಾರ. ಗಂಡು ಸತ್ತರೆ ಒಳಗಿರುವವುಗಳ ಗತಿ ಏನೆಂದು ಹೇಳಬೇಕಾಗಿಲ್ಲ.

ಲೆಕ್ಕ ಹಾಕಲು ಕಷ್ಟವಿರಲಿಲ್ಲ. ಮಾರ್ಚ್ ಮೊದಲ ವಾರದಲ್ಲಿ ನಾನು ಮರವನ್ನು ತಟ್ಟಿ ನೋಡಿದಾಗ ತಾಯಿ ಹಕ್ಕಿ ಒಳಗಿತ್ತು. ನನ್ನ ತಟ್ಟುವಿಕೆ ಅದಕ್ಕೆ ಕೇಳಿಸಿರಬೇಕು. ಮಾರ್ಚ್ 23ರಂದು ಮರ ಬಿದ್ದಿದ್ದರೆ ಹಾರಲು ರೆಕ್ಕೆಗಳಿಲ್ಲದ ತಾಯಿಯೂ ಮೊಟ್ಟೆಗಳೂ ಅದರೊಡನೆ ಬಿದ್ದು ಹೋಗುತ್ತಿದ್ದವು. ನನಗೆ ಗೊತ್ತೂ ಆಗುತ್ತಿರಲಿಲ್ಲ. ಗೊತ್ತಾಗದೆ ಹೋಗುವುದೇ ಈ ಬಗೆಯ ಪಾಪದ ಸೌಕರ್ಯ. ನನ್ನನ್ನು ತಡೆದದ್ದು ಅಣುವ್ರತವಲ್ಲ, ದಯೆಯಲ್ಲ, ಓದಿದ ಶಾಸ್ತ್ರವಲ್ಲ. ಒಂದು ಸರ್ಕಾರಿ ಆದೇಶ, ಒಂದು ರೋಗ. ಇರುವೆಯನ್ನು ತುಳಿಯಬಾರದೆಂದು ಅಂಗಳದಲ್ಲಿ ನೋಡಿ ನಡೆಯುವವನು, ರಾತ್ರಿ ಊಟ ಬಿಟ್ಟವನು, ಗಾಳಿಸಿದ ನೀರು ಕುಡಿಯುವವನು ಒಂದು ಸಂಸಾರವನ್ನು ಐದು ಸಾವಿರ ಮುಂಗಡಕ್ಕೆ ಮಾರಿದ್ದ. ಮುನಿಗಳ ಕೈಯಲ್ಲಿರುವ ಪಿಂಛಿಯನ್ನು ನೋಡುತ್ತಲೇ ಬೆಳೆದವರು ನಾವು. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಮಾಡಿದ ಅದು ಕುಳಿತುಕೊಳ್ಳುವ ಮುನ್ನ ನೆಲವನ್ನು ನೋಡಲು, ಜೀವಿಗಳನ್ನು ಮೆಲ್ಲಗೆ ಸರಿಸಲು. ನೆಲವನ್ನು ನೋಡುವುದನ್ನು ನಾನು ಅಷ್ಟೋ ಇಷ್ಟೋ ಕಲಿತಿದ್ದೆ.

ಅಂದಿನಿಂದ ಬಂಡೆಯ ಮೇಲೆ ಕುಳಿತುಕೊಳ್ಳುವುದು ದಿನಚರಿಯಾಯಿತು. ಬೆಳಗ್ಗೆ ಒಂದು ಗಂಟೆ, ಮಧ್ಯಾಹ್ನ ಬಿಸಿಲಿಳಿದ ಮೇಲೆ ಒಂದು ಗಂಟೆ. ಗಂಡು ಬರುವ ಹೊತ್ತಿಗೆ ಒಳಗಿನಿಂದ ಕೊಕ್ಕಿನ ತುದಿ ಹೊರಗಿಣುಕುತ್ತಿತ್ತು. ಅತ್ತಿಯ ಹಣ್ಣು, ಹೆಸರು ಗೊತ್ತಿಲ್ಲದ ಕಾಡಿನ ಹಣ್ಣುಗಳು. ಒಂದೊಂದನ್ನೂ ಕೊಕ್ಕಿನ ತುದಿಯಲ್ಲಿ ಹಿಡಿದು ಅಷ್ಟು ಜಾಗ್ರತೆಯಿಂದ ದಾಟಿಸುತ್ತಿತ್ತು. ಆ ನೋಟದಲ್ಲಿ ನನಗಾದ ಸಂತೋಷವನ್ನು ಹೇಗೆ ವರ್ಣಿಸಲಿ? ಮದುವೆಯ ಮನೆಯ ಸಂತೋಷವಲ್ಲ, ಒಳ್ಳೆಯ ಧಾರಣೆ ಬಂದಾಗಿನ ಸಂತೋಷವೂ ಅಲ್ಲ. ಯಾವುದನ್ನೂ ಪಡೆಯದೆ, ಯಾವುದೂ ನನ್ನದಾಗದೆ, ಹೊಟ್ಟೆಯೊಳಗೆ ತಂಪಾಗುವುದು. ಒಂದು ದಿನ ಅದರ ಕೊಕ್ಕಿನಲ್ಲಿ ಒದ್ದಾಡುತ್ತಿದ್ದ ಹಲ್ಲಿಯಂಥದೇನೋ ಇತ್ತು. ಮರಿಗಳು ಹುಟ್ಟಿದವೆಂದು ಅದರಿಂದ ತಿಳಿಯಿತು, ಆ ಹಲ್ಲಿಯ ಸಂಕಟವೂ ಕಣ್ಣಿಗೆ ಬಿದ್ದಿತು. ಅಂದು ಬೇಗನೆ ಇಳಿದು ಬಂದೆ. ಹಕ್ಕಿ ವ್ರತ ಹಿಡಿದ ಶ್ರಾವಕನಲ್ಲ. ಅದರ ಬಾಗಿಲು ಮುಚ್ಚಿಕೊಳ್ಳುವಿಕೆಯನ್ನು ದೇಶವ್ರತಕ್ಕೆ ಹೋಲಿಸಿ ಒಂದು ಉಪನ್ಯಾಸ ಮಾಡಬಹುದೆಂದು ನನ್ನೊಳಗಿನ ಮಾಷ್ಟ್ರು ಅಷ್ಟರಲ್ಲಿ ಸಿದ್ಧನಾಗಿದ್ದ. ಹಲ್ಲಿ ಅವನ ಬಾಯಿ ಮುಚ್ಚಿಸಿತು.

ದೇಶವ್ರತದ ಮಾತು ಬಂದುದರಿಂದ ಒಂದು ವಿಷಯ. ಇಂತಿಷ್ಟು ಕಾಲ ಇಂತಿಷ್ಟು ಎಲ್ಲೆಯನ್ನು ದಾಟುವುದಿಲ್ಲವೆಂದು ಸಂಕಲ್ಪಿಸುವ ಈ ವ್ರತವನ್ನು ಉಮಾಸ್ವಾಮಿಗಳು ಗುಣವ್ರತಗಳಲ್ಲಿ ಎಣಿಸಿದರೆ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕವೆಂದು ಶಿಕ್ಷಾವ್ರತಗಳಲ್ಲಿ ಇರಿಸಿದ್ದಾರೆ. ಲಾಕ್‌ಡೌನ್ ಕಾಲದಲ್ಲಿ ‘ನಮಗೆ ದೇಶವ್ರತ ತಾನಾಗಿ ಒದಗಿ ಬಂತು’ ಎಂದು ಹಲವರು ಹೇಳುವುದನ್ನು ಕೇಳಿದೆ. ನನಗೆ ಒಪ್ಪಿಗೆಯಾಗಲಿಲ್ಲ. ಪೊಲೀಸರ ಲಾಠಿಗೆ ಹೆದರಿ ಮನೆಯೊಳಗಿದ್ದವನಿಗೆ ಸಂಕಲ್ಪದ ಫಲ ಹೇಗೆ ಬಂದೀತು? ಕಾರ್ಕಳದಲ್ಲಿ, ವೇಣೂರಿನಲ್ಲಿ ನಿಂತ ಬಾಹುಬಲಿಯ ಕಾಲಿಗೆ ಬಳ್ಳಿ ಹಬ್ಬಿದೆ. ಅವನು ತಾನಾಗಿ ನಿಂತವನು. ನಾವು ನಿಲ್ಲಿಸಲ್ಪಟ್ಟವರು. ಆದರೂ ನಿಂತವರ ಬಳಿಗೆ ಹಕ್ಕಿ ಬಂದಿತೆಂಬುದು ಸುಳ್ಳಲ್ಲ.

ಈ ಸಂತೋಷಕ್ಕೆ ಇನ್ನೊಂದು ಮುಳ್ಳಿತ್ತು. ಗುಡ್ಡದ ಮೇಲೆ ಮಂಗಟ್ಟೆಯನ್ನು ನೋಡಿ ಇಳಿದು ಬಂದರೆ ಮನೆಯಲ್ಲಿ ದೂರದರ್ಶನ. ಮಹಾನಗರಗಳಿಂದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆಯುತ್ತಿದ್ದ ಕೂಲಿಯವರು. ಕಾಸರಗೋಡಿನ ಗಡಿಯನ್ನು ಮುಚ್ಚಿದ್ದರಿಂದ ಮಂಗಳೂರಿನ ಆಸ್ಪತ್ರೆಗಳನ್ನು ತಲುಪಲಾರದೆ ರೋಗಿಗಳು ದಾರಿಯಲ್ಲಿಯೇ ಸತ್ತ ಸುದ್ದಿ. ಆ ಗಡಿ ನಮ್ಮ ತಾಲ್ಲೂಕಿನದೂ ಹೌದು. ಅಲ್ಲಿ ಮಣ್ಣು ಸುರಿದದ್ದು ನಮ್ಮ ರಕ್ಷಣೆಗೆಂದೇ. ಹೀಗಿರುವಾಗ ಬಂಡೆಯ ಮೇಲೆ ಕುಳಿತು ಹಕ್ಕಿಯ ಸಂಸಾರವನ್ನು ನೋಡಿ ಸುಖಪಡುವುದು ಯಾವ ಧರ್ಮ? ತೋಟವಿದ್ದವನಿಗೆ ಲಾಕ್‌ಡೌನ್ ವಸಂತೋತ್ಸವ, ಇಲ್ಲದವನಿಗೆ?

ಬೆಳ್ತಂಗಡಿ ಕಡೆಯ ಹಿರಿಯ ಶ್ರಾವಕರೊಬ್ಬರು ನನಗೆ ಸ್ವಾಧ್ಯಾಯದಲ್ಲಿ ಗುರುಸಮಾನರು. ಬಂಡೆಯ ಮೇಲಿನಿಂದಲೇ ಅವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಕೊಂಡೆ. ಮರ ಮಾರಿದ್ದನ್ನು ಕೊನೆಗೆ ಹೇಳಿದೆ. ಹಕ್ಕಿಯನ್ನು ಕಂಡು ಆಗುವ ಆನಂದವನ್ನು ಪ್ರಮೋದವೆನ್ನಬಹುದೇ, ಅಥವಾ ಅದು ಕಣ್ಣು ಕಿವಿಗಳ ರಾಗ ಮಾತ್ರವೇ ಎಂಬುದು ನನ್ನ ಪ್ರಶ್ನೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಂಪರ್ಕ ಕಡಿಯಿತೆಂದು ನಾನು ಎದ್ದು ನಿಂತೆ.

‘ಮಾಷ್ಟ್ರೇ, ಸೂತ್ರದ ಪ್ರಕಾರ ಪ್ರಮೋದ ಇರುವುದು ಗುಣಾಧಿಕರಲ್ಲಿ. ಎಲ್ಲ ಜೀವಿಗಳಲ್ಲಿ ಇರಬೇಕಾದ್ದು ಮೈತ್ರಿ. ಹಕ್ಕಿ ನಿಮಗಿಂತ ಗುಣದಲ್ಲಿ ಮೇಲೆ ಅಂತ ನಿಮಗೆ ಅನ್ನಿಸಿತೋ?’

‘ಆ ಒಂದು ವಿಷಯದಲ್ಲಿ ಅನ್ನಿಸಿತು,’ ಎಂದೆ. ‘ಅದು ತನ್ನ ಬಾಗಿಲನ್ನು ನೋಡಿ ನೋಡಿ ಮುಚ್ಚುತ್ತದೆ. ನಾನು ನೋಡದೆ ಮಾರಿದೆ.’

‘ಹಾಗಾದರೆ ಪ್ರಮೋದ ಅಂತಲೇ ಇಟ್ಟುಕೊಳ್ಳಿ. ಸಂತೋಷಪಟ್ಟದ್ದಕ್ಕೆ ಪ್ರಾಯಶ್ಚಿತ್ತ ಬೇಡ ಮಾರಾಯ್ರೇ. ತಲೆಯೆತ್ತಿ ನೋಡದ್ದಕ್ಕೆ ಬೇಕು. ಮುಂಗಡ ತೆಗೊಂಡಿದ್ದೀರಲ್ಲ, ಅದಕ್ಕೆ ಎಂತ ಮಾಡ್ತೀರಿ?’

ನಡೆಯುತ್ತಿರುವ ಕೂಲಿಯವರ ವಿಷಯವಾಗಿ ಅವರು ಉಪದೇಶ ಮಾಡಲಿಲ್ಲ. ಊರಿನಲ್ಲಿಯೇ ಸಿಕ್ಕಿಬಿದ್ದವರು ಯಾರಾದರೂ ಇದ್ದಾರೆಯೇ ಎಂದಷ್ಟೇ ಕೇಳಿದರು. ಇದ್ದರು. ರಬ್ಬರ್ ತೋಟವೊಂದರ ಶೆಡ್ಡಿನಲ್ಲಿ ಹೊರರಾಜ್ಯದ ಆರು ಮಂದಿ ಕೆಲಸಗಾರರು. ಅವರಿಗೆ ಅಕ್ಕಿ, ತೆಂಗಿನಕಾಯಿ, ಹಲಸಿನಕಾಯಿಗಳನ್ನು ತಲುಪಿಸುವ ಕೆಲಸವನ್ನು ನಾಲ್ಕು ಮನೆಯವರು ಸೇರಿ ಮಾಡಿದೆವು. ದೊಡ್ಡದೇನೂ ಅಲ್ಲ, ಹೇಳಬೇಕಾದ್ದೂ ಅಲ್ಲ. ಕೇಳದಿದ್ದರೆ ನನಗೆ ಹೊಳೆಯುತ್ತಿರಲಿಲ್ಲವೆಂಬುದನ್ನು ಮಾತ್ರ ಹೇಳಬೇಕು. ಆ ಶೆಡ್ಡು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ.

ಏಪ್ರಿಲ್ 20ರ ಬಳಿಕ ಕೃಷಿ ಕೆಲಸಗಳಿಗೆ ಸಡಿಲಿಕೆ ದೊರೆಯಿತು. ಆ ತಿಂಗಳ ಕೊನೆಗೆ ವ್ಯಾಪಾರಿ ಮುಖಕ್ಕೆ ಬೈರಾಸು ಸುತ್ತಿಕೊಂಡು ಬೈಕಿನಲ್ಲಿ ಬಂದರು. ಸೋಮವಾರ ಕಡಿಯುತ್ತೇವೆ ಎಂದರು. ನಾನು ಅವರನ್ನು ಬಂಡೆಯ ಬಳಿಗೆ ಕರೆದುಕೊಂಡು ಹೋದೆ. ಗಂಡು ಬರುವವರೆಗೆ ಮುಕ್ಕಾಲು ಗಂಟೆ ಕುಳಿತೆವು. ಅವರು ನೋಡಿದರು. ಕಟುಕನ ಮುಖವನ್ನೇನೂ ಮಾಡಲಿಲ್ಲ. ಅವರೂ ಈ ಮಣ್ಣಿನವರೇ, ಮಂಗಟ್ಟೆಯನ್ನು ನನಗಿಂತ ಚೆನ್ನಾಗಿ ಬಲ್ಲವರು.

‘ಮಾಷ್ಟ್ರೇ, ಇದು ಹೊರಗೆ ಬರುವವರೆಗೆ ನಾನೂ ಮುಟ್ಟುವುದಿಲ್ಲ. ಆದರೆ ನನ್ನದೂ ಕೇಳಿ. ತಿಂಗಳಿಗೆ ಮೇಲಾಯ್ತು, ಒಂದು ಮರ ಕಡಿಯಲಿಲ್ಲ. ಜೊತೆಗೆ ನಾಲ್ಕು ಜನ ಇದ್ದಾರೆ. ಹಕ್ಕಿಗೆ ತಂದು ಕೊಡ್ಲಿಕ್ಕೆ ಗಂಡ ಉಂಟು. ಅವರಿಗೆ ಯಾರು?’

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರಿಗಳು ಹಾರುವವರೆಗೆ ಕಾಯುವುದೆಂದು ಒಪ್ಪಂದವಾಯಿತು. ಆದರೆ ಮಂಗಟ್ಟೆಗಳು ಒಮ್ಮೆ ಮರಿ ಮಾಡಿದ ಪೊಟರೆಗೆ ವರ್ಷವರ್ಷವೂ ಮರಳುತ್ತವೆಯೆಂದು ನನಗೆ ಆ ಹೊತ್ತಿಗೆ ತಿಳಿದಿತ್ತು. ಅಂಥ ಪೊಟರೆ ಸಿಗಬೇಕಾದರೆ ಮರಕ್ಕೆ ಎಷ್ಟೋ ದಶಕಗಳ ವಯಸ್ಸಾಗಬೇಕು. ಎಳೆಯ ಮರಗಳಲ್ಲಿ ಅದು ಇರುವುದಿಲ್ಲ. ಈಗ ಕಾಯ್ದು ಜೂನಿನಲ್ಲಿ ಕಡಿದರೆ ಈ ಮರಿಗಳು ಬದುಕುತ್ತವೆ, ಮುಂದಿನವು ಹುಟ್ಟುವುದೇ ಇಲ್ಲ. ಇನ್ನೊಂದೆಡೆ ಕೊಟ್ಟ ಮಾತು. ಸತ್ಯಾಣುವ್ರತವೂ ವ್ರತವೇ. ಕೊಟ್ಟ ಮಾತಿಗೆ ತಪ್ಪಿ ಇನ್ನೊಬ್ಬನ ಅನ್ನವನ್ನು ಕಳೆದು ಅದನ್ನು ಅಹಿಂಸೆಯೆಂದು ಕರೆದುಕೊಳ್ಳುವುದು ಬಹಳ ಸುಲಭ. ನಾವು ವ್ಯಾಪಾರಿ ಸಮಾಜದವರು ಇದನ್ನು ಚೆನ್ನಾಗಿ ಬಲ್ಲೆವು.

ಮೇ ಎರಡನೆಯ ವಾರದ ಒಂದು ಬೆಳಿಗ್ಗೆ ಹೋದಾಗ ಪೊಟರೆಯ ಬಾಯಿ ತೆರೆದಿತ್ತು. ಮೆತ್ತಿದ್ದ ಗಾರೆಯ ತುಂಡುಗಳು ಬುಡದಲ್ಲಿ ಬಿದ್ದಿದ್ದವು. ತಿಂಗಳು ಕಾಲ ದಿನಕ್ಕೆರಡು ಹೊತ್ತು ಕಾದವನಿಗೆ ಅವು ಹೊರಬರುವ ಗಳಿಗೆ ತಪ್ಪಿಹೋಯಿತು. ನಿರಾಶೆಯಾಯಿತೆಂದರೆ ಸುಳ್ಳಾಗದು. ಆದರೆ ಆಚೆಯ ಮರದಲ್ಲಿ ಆ ಒಡಕು ನಗೆ ಕೇಳಿಸಿತು. ತಾಯಿ, ತಂದೆ, ಕೊಂಬೆಯ ಮೇಲೆ ಸರಿಯಾಗಿ ನಿಲ್ಲಲು ಬಾರದ ಎರಡು ಮರಿಗಳು. ಶ್ರೀಮತಿಯನ್ನು ಕರೆದೆ. ಅವಳು ಬರುವಷ್ಟರಲ್ಲಿ ಒಂದು ಮರಿ ಕೆಳಗಿನ ಕೊಂಬೆಗೆ ಜಾರಿತ್ತು. ನಾವಿಬ್ಬರೂ ಮಕ್ಕಳಂತೆ ನಿಂತು ನೋಡಿದೆವು. ಅಂದು ಮಧ್ಯಾಹ್ನದ ಊಟ ಎರಡು ಗಂಟೆಗಾಯಿತು.

ಊಟ ಮಾಡುತ್ತ ಅವಳು ಕೇಳಿದಳು: ‘ಇನ್ನು ಕಡಿಸುವುದೋ?’

‘ಇಲ್ಲ.’

‘ಹಾಗಾದರೆ ಅವರಿಗೆ ಏನು ಕೊಡ್ತೀರಿ? ಹಕ್ಕಿ ನೋಡಿದ ಸಂತೋಷದಲ್ಲಿ ಅರ್ಧ ಕೊಡ್ಲಿಕ್ಕೆ ಆಗುವುದಿಲ್ಲವಲ್ಲ!’

ವ್ಯಾಪಾರಿಯ ಮನೆಗೆ ನಾನೇ ಹೋದೆ. ಮುಂಗಡದ ಐದು ಸಾವಿರವನ್ನೂ ಅವರಿಗಾಗಬಹುದಾಗಿದ್ದ ಲಾಭವೆಂದು ಅವರೇ ಹೇಳಿದ ಮೊತ್ತವನ್ನೂ ಕೊಟ್ಟೆ. ಅವರು ಹೆಚ್ಚು 
 ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ. ಅವರ ಜೊತೆಯ ನಾಲ್ವರಿಗೆ ಮಳೆಗಾಲದ ಮುಂಚೆ ತೋಟದ ಬಸಿಗಾಲುವೆಗಳನ್ನು ಬಿಡಿಸುವ ಕೆಲಸವನ್ನು ಕೊಟ್ಟೆ. ಹನ್ನೆರಡು ದಿನದ ಕೆಲಸ. ಆ ವರ್ಷ ಪಂಪಿನ ದುರಸ್ತಿಗೆಂದು ಇಟ್ಟಿದ್ದ ಹಣ ಹೀಗೆ ಖರ್ಚಾಯಿತು. ಅವರಲ್ಲೊಬ್ಬ ಕೆಲಸದ ನಡುವೆ ಮರದ ಕಡೆಗೆ ನೋಡಿ, ‘ಆ ಹಕ್ಕಿಯ ದೆಸೆಯಿಂದ ನಮಗೆ ಮರ ಹತ್ತುವುದು ತಪ್ಪಿ ಮಣ್ಣು ಅಗೆಯುವ ಹಾಗಾಯ್ತು’ ಎಂದು ನಕ್ಕ. ಅದು ದೂರೋ ತಮಾಷೆಯೋ ನನಗೆ ಇಂದಿಗೂ ತಿಳಿಯದು.

ಮರ ಉಳಿಸಿದ್ದಕ್ಕೆ ಧರ್ಮವೇ ನಮ್ಮನ್ನು ಕಾಯಿತೆಂದು ಬರೆಯಲು ಆಗುತ್ತಿದ್ದರೆ ಚೆನ್ನಾಗಿತ್ತು. 2022ರ ಆಗಸ್ಟ್ ಆರಂಭದ ಮಹಾಮಳೆಯಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರಗಳಲ್ಲಿ ಹೊಳೆ ಉಕ್ಕಿ ತೋಟಗಳಿಗೆ ನುಗ್ಗಿದ್ದನ್ನು ಓದುಗರು ಕೇಳಿರಬಹುದು. ಅದೇ ಮಳೆಯಲ್ಲಿ ಕಾಟುಮಾವಿನ ಆ ದೊಡ್ಡ ಕೊಂಬೆ ಮುರಿದು ಬಿದ್ದಿತು. ಹದಿನಾಲ್ಕು ಅಡಿಕೆ ಮರಗಳು ಹೋದವು. ನಾನು ಹೆದರಿದ್ದಂತೆಯೇ ಪಂಪಿನ ಕೊಟ್ಟಿಗೆಯ ಮಾಡೂ ಹೋಯಿತು. ನೆರೆಯವರು ಬಂದು ನೋಡಿ, ‘ಅಂದೇ ಕಡಿಸಬಹುದಿತ್ತು ಮಾಷ್ಟ್ರೇ’ ಎಂದರು. ಹೌದೆಂದೆ. ಪೊಟರೆಯಿದ್ದ ಕಾಂಡಕ್ಕೆ ಏನೂ ಆಗಿರಲಿಲ್ಲ.

ಮಂಗಟ್ಟೆಗಳು 2021ರಲ್ಲಿ ಬಂದವು, 2022ರಲ್ಲಿಯೂ ಬಂದವು. ಕೊಂಬೆ ಮುರಿದ ಮುಂದಿನ ವರ್ಷ ಬರಲಿಲ್ಲ. ಪೊಟರೆಯಲ್ಲಿ ಮೈನಾಗಳು ಸಂಸಾರ ಹೂಡಿದವು. ಈಗ ಮೊಬೈಲಿನ ಸಂಪರ್ಕ ಮನೆಯ ಅಂಗಳದಲ್ಲಿಯೇ ಅಲ್ಪಸ್ವಲ್ಪ ಸಿಗುತ್ತದೆ, ಗುಡ್ಡ ಹತ್ತುವ ಅಗತ್ಯವಿಲ್ಲ. ಆದರೂ ಬೇಸಗೆ ಮೊದಲಾಗುತ್ತಲೇ ಬೆಳಿಗ್ಗೆ ಒಂದು ಸಲ ಆ ಬಂಡೆಯವರೆಗೆ ಹೋಗಿ ಬರುತ್ತೇನೆ. ನಾನು ಹೊರಡುವಾಗ ಶ್ರೀಮತಿ ಒಳಗಿನಿಂದ ಕೂಗಿ ಹೇಳುತ್ತಾಳೆ: ‘ಮೇಲೆ ನೋಡಿಕೊಂಡು ನಡೆಯಬೇಡಿ, ದಾರಿಯಲ್ಲಿ ಇರುವೆಯ ಸಾಲು ಉಂಟು.’